ಹೊಸ ನೆಲದ ವಾಸನೆ

ಹತ್ತು ದಿನದ ನೆಗಡಿ ಬಿಟ್ಟು ಮೂಗು ತೆರೆದ ಭಾನುವಾರದ ಬೆಳಿಗ್ಗೆ ಪದ್ಮಯ್ಯನಿಗೆ ಲೋಕದ ವಾಸನೆಗಳೆಲ್ಲ ಒಂದೊಂದಾಗಿ ವಾಪಸು ಬಂದವು. ಮೊದಲು ಒಲೆಯ ಹೊಗೆ, ಆಮೇಲೆ ಕಾವಲಿಯ ಮೇಲಿನ ದೋಸೆ, ಆಮೇಲೆ ಹತ್ತು ದಿನ ಹೊದ್ದ ತನ್ನದೇ ಕಂಬಳಿ. ಕಂಬಳಿಯ ವಾಸನೆಯೂ ಚೆನ್ನಾಗಿಯೇ ಇದೆ ಎನಿಸಿತು. ಶಾಲೆಗೆ ರಜೆ, ಆಕಾಶದಲ್ಲಿ ಒಂದು ಮೋಡವಿಲ್ಲ, ಮಾರ್ಚ್ ತಿಂಗಳ ಬಿಸಿಲು ಎದುರಿನ ಗೇರುಗುಡ್ಡವನ್ನು ಆಗಲೇ ಇಳಿಯತೊಡಗಿತ್ತು. ಇನ್ನು ಅರ್ಧ ಗಂಟೆಯಲ್ಲಿ ಅದು ಅಂಗಳದ ಗಾಜಿನ ಪೆಟ್ಟಿಗೆಯ ಮೇಲೆ ಬೀಳುತ್ತದೆ, ಒಳಗಿನ ನೀರು ಬಿಸಿಯಾಗಿ ಆವಿಯೇಳುತ್ತದೆ, ಓರೆಯಾಗಿಟ್ಟ ಗಾಜಿನ ಒಳಮೈಯಲ್ಲಿ ಹನಿಗಟ್ಟಿ ತಗಡಿನ ದೋಣಿಗೆ ಜಾರುತ್ತದೆ, ದೋಣಿಯಿಂದ ಬಾಟಲಿಗೆ ಇಳಿಯುತ್ತದೆ. ಸೌದೆ ಬೇಡ, ಊದಬೇಕಾಗಿಲ್ಲ, ಕಾದು ಕೂರಬೇಕಾಗಿಲ್ಲ. ಪದ್ಮಯ್ಯ ಖುಷಿಯಲ್ಲಿ ನಿನ್ನೆ ತುಂಬಿದ ಬಾಟಲಿಯ ಬಿರಡೆ ತೆಗೆದು, ಮಕ್ಕಳು ಹೂವು ಮೂಸುವ ಹಾಗೆ ಮೂಸಿದ. ಕಣ್ಣಲ್ಲಿ ಚುಳ್ಳೆಂದು ನೀರು ಬಂತು.

ಮೂಗು ಇನ್ನೂ ಸರಿಯಾಗಿಲ್ಲ ಎಂದುಕೊಂಡು ಮತ್ತೊಮ್ಮೆ ಮೂಸಿದ. ಮೂಗು ಸರಿಯಾಗಿತ್ತು. ಈ ವಾಸನೆ ಅವನಿಗೆ ಹನ್ನೊಂದು ವರ್ಷದಿಂದ ಗೊತ್ತು. ನವಸಾಗರಕ್ಕೆ ಸುಣ್ಣ ಬೆರೆಸಿ ಬಿಸಿ ಮಾಡಿದರೆ ಏಳುವ ಅಮೋನಿಯದ ವಾಸನೆ ಅದು. ಪ್ರತಿ ವರ್ಷ ಏಳನೆಯ ತರಗತಿಯ ಮಕ್ಕಳ ಮುಂದೆ ಈ ಪ್ರಯೋಗ ಮಾಡಿ, ತರಗತಿಯ ಅತಿ ದೊಡ್ಡ ಪೋಕರಿಯನ್ನು ಕರೆದು ಕೊಳವೆಗೆ ಮೂಗು ಹಿಡಿಸಿ, ಅವನು ಕಣ್ಣು ಮೂಗು ಒರೆಸಿಕೊಳ್ಳುತ್ತ ಹಿಂದೆ ಹಾರಿದಾಗ ಎಲ್ಲರ ಜೊತೆ ತಾನೂ ನಕ್ಕು, 'ಈ ಪಾಠ ಇನ್ನು ಸಾಯುವವರೆಗೆ ಮರೆಯುವುದಿಲ್ಲ' ಎನ್ನುತ್ತಿದ್ದ. ಪೋಕರಿಗಳು ಮರೆತಿರಲಿಕ್ಕಿಲ್ಲ. ಮರೆತದ್ದು ಮಾಷ್ಟ್ರು. ಟಾರ್ಚಿನ ಹಳೆಯ ಸೆಲ್ಲುಗಳ ಒಳಗಿನ ಕರಿಯಲ್ಲಿ ನವಸಾಗರ ಇರುತ್ತದೆ ಎಂದು ಅದೇ ತರಗತಿಯಲ್ಲಿ ಹಲಗೆಯ ಮೇಲೆ ಚಿತ್ರ ಬರೆದು ಹೇಳಿಕೊಟ್ಟವನು, ಅದೇ ಮಕ್ಕಳಿಂದ ಮನೆಗೆರಡು ಹಾಳು ಸೆಲ್ಲು ತರಿಸಿ, ಒಡೆಸಿ, ಕರಿ ತೆಗೆಸಿ, ಪೆಟ್ಟಿಗೆಯ ತಳದ ಸುಣ್ಣದ ಗಾರೆಯ ಮೇಲೆ ಹೆಂಡತಿಯಿಂದ ಬಳಿಸಿದ್ದ. ಮೇಲಿನಿಂದ ಸೂರ್ಯ ಬಿಸಿ ಮಾಡಿಕೊಟ್ಟಿದ್ದ. ಇಡೀ ಪೆಟ್ಟಿಗೆಯೇ ಪ್ರಯೋಗದ ಕೊಳವೆಯಾಗಿತ್ತು. ಅದರಲ್ಲಿ ಇಳಿದ ನಾಲ್ಕು ಬಾಟಲಿ ನೀರು ಕಳೆದ ಬುಧವಾರ ದೇರಣ್ಣನ ಬಸ್ಸಿನಲ್ಲಿ ಕಬಕದ ಹೈದರನ ಬ್ಯಾಟರಿ ಅಂಗಡಿಗೆ ಹೋಗಿಯಾಗಿತ್ತು.

ಬುಧವಾರ. ಇವತ್ತಿಗೆ ನಾಲ್ಕು ದಿನ. ಹೈದರ್ ಅದನ್ನು ಯಾವ ಯಾವ ಬಸ್ಸಿನ, ಯಾವ ಯಾವ ಲಾರಿಯ ಬ್ಯಾಟರಿಗೆ ಹೊಯ್ದಿದ್ದಾನೋ. ಬ್ಯಾಟರಿಗೆ ಬಟ್ಟಿ ಇಳಿಸಿದ ನೀರು ಬಿಟ್ಟು ಬೇರೆ ಏನು ಬಿದ್ದರೂ ಒಳಗಿನ ಸೀಸದ ಫಲಕಗಳು ಕೆಡುತ್ತವೆ ಎನ್ನುತ್ತಾರೆ. ಒಂದು ಬ್ಯಾಟರಿಯ ಬೆಲೆ ತನ್ನ ಎರಡು ತಿಂಗಳ ಸಂಬಳ. ಅದಕ್ಕಿಂತ ಹೆಚ್ಚಾಗಿ, ಈ ಪೆಟ್ಟಿಗೆಯನ್ನು ನೋಡಿ ನಗದೆ ಇದ್ದವನು ಮೂರು ತಾಲೂಕಿನಲ್ಲಿ ಹೈದರ್ ಒಬ್ಬನೇ. ಮಂಗಳೂರಿನಿಂದ ದೊಡ್ಡ ಗಾಜಿನ ಬುರುಡೆಗಳಲ್ಲಿ ಬರುವ ನೀರು ಬುರುಡೆ ಒಡೆದು ದಾರಿಯಲ್ಲೇ ಚೆಲ್ಲಿಹೋಗುತ್ತದೆ, ಒಡೆಯದಿದ್ದರೆ ಬರುವುದೇ ಇಲ್ಲ; 'ನಿಮ್ಮದು ವಾರಕ್ಕೆ ಹತ್ತು ಬಾಟಲಿ ಆದ್ರೂ ಸಾಕು ಮಾಷ್ಟ್ರೆ, ನಾನು ತಕ್ಕೊಳ್ತೇನೆ' ಎಂದು ಅವನು ಹೇಳಿದಾಗ ಪದ್ಮಯ್ಯ ಮೂಗು ಒರೆಸಿಕೊಂಡಿದ್ದ. ನೆಗಡಿ ಆಗಿನ್ನೂ ಶುರುವಾಗಿರಲಿಲ್ಲ.

"ಎಲ್ಲಿಗೆ ಹೊರ್ಟದ್?" ಎಂದು ಪ್ರೇಮಾವತಿ ಬಾವಿಕಟ್ಟೆಯ ಬಳಿಯಿಂದಲೇ ಮನೆಮಾತಾದ ಅರೆಭಾಷೆಯಲ್ಲಿ ಕೇಳಿದಳು. ಬಕೇಟಿನಲ್ಲಿ ಅದೇನನ್ನೋ ಕಲಕುತ್ತಿದ್ದಳು. ಮೊಣಕೈವರೆಗೆ ಕಪ್ಪಾಗಿತ್ತು.

"ಪುತ್ತೂರಿಗೆ. ಶಾಲೆಯ ಪುಸ್ತಕದ ಕೆಲ್ಸ ಉಟ್ಟು," ಎಂದ. ಹೆಂಡತಿಗೆ ಸುಳ್ಳು ಹೇಳಿ ಅವನಿಗೆ ಅಭ್ಯಾಸವಿಲ್ಲ. ಆದ್ದರಿಂದ ಅಗತ್ಯಕ್ಕಿಂತ ಗಟ್ಟಿಯಾಗಿ ಹೇಳಿದ.

"ಭಾನುವಾರವಾ?" ಎಂದಳು. ಅವನು ಚಪ್ಪಲಿ ಹುಡುಕುವವನಂತೆ ಬಗ್ಗಿದ. ಪೆಟ್ಟಿಗೆಯ ಕಪ್ಪು ತಳವನ್ನು ನಯ ಮಾಡಿದವಳು ಅವಳೇ. ಸೆಲ್ಲಿನ ಕರಿ ಹಾಕಿ ಅಡುಗೆಕೋಣೆಯ ನೆಲ ಮಾಡುವ ಹಾಗೆ, ಹೊಳೆಯ ಉರುಟು ಕಲ್ಲಿನಿಂದ ಎರಡು ಹೊತ್ತು ಉಜ್ಜಿ ಮುಖ ಕಾಣುವ ಹಾಗೆ ಮಾಡಿದ್ದಳು. ಅವತ್ತು ಅವಳು ಏನೋ ಹೇಳಲು ಬಂದಿದ್ದಳು, ತಾನು 'ಇದು ನಿನ್ನ ಅಡಿಗೆಕೋಣೆ ಅಲ್ಲ' ಎಂದಿದ್ದ. ಈಗ ಆ ಮಾತಿನ ನೆನಪನ್ನು ಚಪ್ಪಲಿಯ ಜೊತೆ ಮೆಟ್ಟಿಕೊಂಡು ಹೊರಟ. ಸೆಲ್ಲಿನ ಕರಿ ಅವಳ ಕಸುಬು, ಸುಣ್ಣ ತನ್ನದು, ತಪ್ಪಿನಲ್ಲಿ ಇಬ್ಬರದೂ ಅರ್ಧರ್ಧ ಎಂದು ಜಾಲ್ಸೂರಿನ ಕವಲುದಾರಿ ಮುಟ್ಟುವವರೆಗೂ ಲೆಕ್ಕ ಹಾಕಿದ. ಲೆಕ್ಕ ಯಾಕೋ ಕೂಡಲಿಲ್ಲ.

ಜಾಲ್ಸೂರಿನಲ್ಲಿ ಕಾಸರಗೋಡಿನ ಬಸ್ಸು ಬಂದು ಹೋಯಿತು. ಕಮ್ಮಾರನ ಕೊಟ್ಟಿಗೆಯ ಪಕ್ಕದಲ್ಲಿ ಕಬ್ಬಿಣ ಕಾಸಿದಾಗ ಉಳಿಯುವ ಕಿಟ್ಟದ ರಾಶಿ ಹಾಗೆಯೇ ಬಿದ್ದಿತ್ತು, ಯಾರಿಗೂ ಬೇಡದ್ದು. ಕಳೆದ ಡಿಸೆಂಬರಿನ ಒಂದು ಸಂಜೆ ಬಸ್ಸಿಗೆ ಕಾದು ಸುಸ್ತಾಗಿ ಪದ್ಮಯ್ಯ ಆ ರಾಶಿಯ ಮೇಲೆ ಕೂತಿದ್ದ. ಕೂತವನು ಹಾಗೆಯೇ ಹಾರಿ ಎದ್ದಿದ್ದ. ಸೂರ್ಯ ಮುಳುಗಿ ಮುಕ್ಕಾಲು ಗಂಟೆಯಾಗಿತ್ತು, ರಸ್ತೆಯ ಮಣ್ಣು ತಣ್ಣಗಾಗಿತ್ತು, ಹಗಲಿನ ಬಿಸಿಲಿಗೆ ಕಾದ ಕಿಟ್ಟ ಮಾತ್ರ ಪಂಚೆಯ ಒಳಗೂ ಚುರ್ರೆನ್ನುವಷ್ಟು ಬಿಸಿಯಿತ್ತು. ಹಿಂಬದಿ ಉಜ್ಜಿಕೊಳ್ಳುತ್ತ ನಿಂತಲ್ಲಿಯೇ ಅವನಿಗೆ ತಾನು ಎರಡು ವರ್ಷದಿಂದ ಹುಡುಕುತ್ತಿದ್ದದ್ದು ಸಿಕ್ಕಿತು. ಪೆಟ್ಟಿಗೆಯ ಕಾಯಿಲೆ ಅದೇ ಆಗಿತ್ತು: ಗುಡ್ಡದ ಹಿಂದೆ ಸೂರ್ಯ ಸರಿದ ಕೂಡಲೇ ಹನಿ ನಿಲ್ಲುತ್ತಿತ್ತು. ತಳಕ್ಕೆ ಪಯಸ್ವಿನಿ ಹೊಳೆಯ ಮರಳು, ಊರವರ ಮಾತಿನ ಹೊಯಿಗೆ, ಹಾಸಿ ನೋಡಿದ್ದ, ಒಡೆದ ಹಂಚಿನ ಚೂರು ಹಾಕಿ ನೋಡಿದ್ದ. ಹಗಲಿನ ಬಿಸಿಯನ್ನು ಅವು ಸ್ವಲ್ಪ ಹೊತ್ತು ಹಿಡಿದು ಬಿಟ್ಟುಬಿಡುತ್ತಿದ್ದವು. ಎರಡು ಬುಟ್ಟಿ ಕಿಟ್ಟ ತಂದು, ಗಾರೆಯಲ್ಲಿ ಕೂರಿಸಿ, ಮೇಲೆ ಬಿಸಿಲನ್ನು ಕುಡಿಯುವಂಥ ಕಪ್ಪು ಬಳಿದ ಮೇಲೆ, ಸಂಜೆ ದೀಪ ಹಚ್ಚಿದ ಮೇಲೂ ಹನಿ ನಿಲ್ಲಲಿಲ್ಲ. ಬಿಸಿಲೇ ಇಲ್ಲದ ಅಂಗಳದಲ್ಲಿ ಟಕ್, ಟಕ್ ಎಂದು ಬಾಟಲಿಗೆ ಬೀಳುವ ಸದ್ದನ್ನು ಕೇಳುತ್ತ, ಮೂಗು ಕಟ್ಟಿದವನು, ಊಟಕ್ಕೆ ಕರೆದರೂ ಏಳದೆ ಕೂತಿದ್ದ. ಇಂಥ ಸಂತೋಷ ತನಗೆ ಮದುವೆಯ ದಿನವೂ ಆಗಿರಲಿಲ್ಲ ಎಂಬ ಯೋಚನೆ ಬಂದು ಆಗಲೇ ನಾಚಿಕೊಂಡಿದ್ದ.

ದೇರಣ್ಣನ ಬಸ್ಸು ಬಂತು. ನಿಂತಿತು. ನಿಂತದ್ದು ನಿಂತೇ ಬಿಟ್ಟಿತು. ದೇರಣ್ಣ ಸ್ಟಾರ್ಟರನ್ನು ಒತ್ತಿದರೆ ಎಂಜಿನ್ನು ಮುದುಕನ ಹಾಗೆ ಒಮ್ಮೆ ಗಂಟಲು ಸರಿಮಾಡಿಕೊಂಡು ಸುಮ್ಮನಾಯಿತು. ಕಂಡಕ್ಟರು ಹ್ಯಾಂಡಲ್ ಹಾಕಿ ತಿರುಗಿಸಿ ತಿರುಗಿಸಿ ಬೆವರಿದ. ಪದ್ಮಯ್ಯ ಡ್ರೈವರನ ಕಿಟಕಿಯ ಕೆಳಗೆ ಹೋಗಿ ನಿಂತ.

"ಎಂತ ದೇರಣ್ಣ, ಬ್ಯಾಟರಿಯಾ?" ಎಂದು ಕೇಳಿದ. ಸ್ವರ ತನ್ನದಲ್ಲ ಎನಿಸಿತು.

"ಬ್ಯಾಟರಿಯೇ ಮಾಷ್ಟ್ರೆ. ಸತ್ತಿದೆ. ಗುರುವಾರ ಕಬಕದಲ್ಲಿ ನೀರು ಹಾಕಿಸಿದ್ದೇ, ಅಲ್ಲಿಂದ ಹೀಗೆ," ಎಂದ ದೇರಣ್ಣ. "ಎಲ್ಲ ಇಳಿಯಿರಿ ಮಾರಾಯ್ರೆ, ಸ್ವಲ್ಪ ದೂಡುವ."

ಗುರುವಾರ. ಪದ್ಮಯ್ಯ ಎಲ್ಲರಿಗಿಂತ ಮುಂದೆ ಹೋಗಿ ಬಸ್ಸಿನ ಹಿಂಬದಿಗೆ ಎರಡೂ ಕೈ ಕೊಟ್ಟ. ಒಗೆದ ಬಿಳಿ ಅಂಗಿಗೆ ಡೀಸೆಲಿನ ಮಸಿ ಮೆತ್ತಿತು. ಅವನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ, ಬದಿಯಲ್ಲಿ ನಿಂತು ವೀಳ್ಯ ಹಾಕುತ್ತಿದ್ದವರು, "ನೀವು ಯಾಕೆ ಮಾಷ್ಟ್ರೆ? ಬೇರೆ ಜನ ಇಲ್ವಾ?" ಎಂದರು. ಪದ್ಮಯ್ಯ ಹಲ್ಲು ಕಚ್ಚಿ ದೂಡಿದ. ತನ್ನ ನೀರಿನಿಂದ ಸತ್ತ ಬಸ್ಸನ್ನು ತಾನೇ ಹೊತ್ತು ಪುತ್ತೂರಿಗೆ ಮುಟ್ಟಿಸಬೇಕಾಗಿದ್ದರೂ ಒಪ್ಪುತ್ತಿದ್ದ. ಇಳಿಜಾರಿನಲ್ಲಿ ಎಂಜಿನ್ನು ಹಿಡಿಯಿತು, ಎಲ್ಲರೂ ಹೋ ಎಂದು ಓಡಿ ಹತ್ತಿದರು, ಪದ್ಮಯ್ಯ ಕೊನೆಯವನಾಗಿ ಹತ್ತಿ ಮೆಟ್ಟಿಲ ಬಳಿ ನಿಂತ. ಸೀಟು ಇತ್ತು, ಕೂರುವ ಹಕ್ಕಿಲ್ಲ ಎನಿಸಿತು.

ದಾರಿಯಲ್ಲಿ ಎರಡು ಕಡೆ ನಿಂತಾಗಲೂ ದೇರಣ್ಣ ಎಂಜಿನ್ನು ಆಫ್ ಮಾಡಲಿಲ್ಲ. ನಗುವವರಿಗೆ ಈಗ ಹಬ್ಬ ಎಂದುಕೊಂಡ ಪದ್ಮಯ್ಯ. ಹೆಡ್ ಮಾಸ್ತರರು ಈ ಪೆಟ್ಟಿಗೆಗೆ 'ಬಿಸಿಲ ಭಟ್ಟಿ' ಎಂದು ಹೆಸರಿಟ್ಟಿದ್ದರು. ಪಾನನಿರೋಧದ ಕಾಲ, ಹೆಸರು ಊರು ಸುತ್ತಿ ಪೊಲೀಸರ ಕಿವಿಗೂ ಬಿದ್ದು, ಒಂದು ಮಧ್ಯಾಹ್ನ ಸುಳ್ಯದಿಂದ ಪೇದೆಯೊಬ್ಬ ಬಂದು ಅಂಗಳದಲ್ಲಿ ನಿಂತ. ಗಾಜು ತಟ್ಟಿ ನೋಡಿದ, ದೋಣಿಗೆ ಬೆರಳಿಟ್ಟ, ಬೆರಳು ನೆಕ್ಕಿದ, ಅನುಮಾನ ಬಗೆಹರಿಯದೆ ಅರ್ಧ ಲೋಟ ಕುಡಿದ. ಆಮೇಲೆ ಅವನ ಮುಖದಲ್ಲಿ ಕಂಡ ನಿರಾಸೆಯನ್ನು ಪದ್ಮಯ್ಯ ಎಂದೂ ಮರೆಯಲಾರ. "ಎಂತ ಮಾಷ್ಟ್ರೆ, ಇಷ್ಟೆಲ್ಲ ಮಾಡಿ ಬರೀ ನೀರಾ?" ಎಂದು ಬಯ್ದೇ ಹೋದ. ಅದು ಹೊಯಿಗೆಯ ಕಾಲದ ನೀರು, ಏನೂ ವಾಸನೆಯಿಲ್ಲದ್ದು, ಕುಡಿದವನು ನಿರಾಸೆಯಿಂದಲಾದರೂ ಸುಖವಾಗಿ ಮನೆಗೆ ಹೋದ. ಆ ಶುದ್ಧ ನೀರನ್ನು ಹೆಚ್ಚು ಮಾಡಲು ಹೋಗಿ ಕೆಡಿಸಿದೆನಲ್ಲ ಎಂದು ಕುಂಬ್ರ ದಾಟುವಾಗ ಪದ್ಮಯ್ಯ ತನ್ನ ತೊಡೆಗೆ ತಾನೇ ಗುದ್ದಿಕೊಂಡ. ಪಕ್ಕದ ಹೆಂಗಸು ಮಗುವನ್ನು ಆಚೆ ಎಳೆದುಕೊಂಡಳು.

ಕಬಕದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ವಿಟ್ಲದ ಕಡೆ ತಿರುಗುವ ರಸ್ತೆಯಲ್ಲಿ, ಮುಂದೆ ಅಂಗಡಿ ಹಿಂದೆ ಮನೆ ಇರುವ ಹಂಚಿನ ಕಟ್ಟಡ ಹೈದರನದು. ಬಾಗಿಲು ತೆರೆದಿತ್ತು, ಹೈದರ್ ಇರಲಿಲ್ಲ. ಮಧ್ಯಾಹ್ನದ ನಮಾಜಿಗೆ ಹೋಗಿರಬೇಕು. ಸಾಲಾಗಿ ಇಟ್ಟ ಬ್ಯಾಟರಿಗಳ ಮುಚ್ಚಳ ತೆಗೆದಿದ್ದವು, ಆಸಿಡ್ಡಿನ ಹುಳಿ ಗಾಳಿ ಬರುತ್ತಿತ್ತು. ಬೆಂಚಿನ ಮೇಲೆ ಕೂತು ಪದ್ಮಯ್ಯ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಬರೆದ, ಅಳಿಸಿದ. 'ಹೈದರ್, ಒಂದು ಸಣ್ಣ ವಿಷಯ' ಎಂದು ಶುರು ಮಾಡಿದರೆ ಸುಳ್ಳಾಗುತ್ತದೆ, ಸಣ್ಣದಲ್ಲ. 'ನನ್ನಿಂದ ದೊಡ್ಡ ಅನ್ಯಾಯ ಆಯ್ತು' ಎಂದರೆ ನಾಟಕವಾಗುತ್ತದೆ. ಹಾಗೆ ಬರೆಯುತ್ತ ಅಳಿಸುತ್ತ ತಲೆಯೆತ್ತಿದಾಗ ಕಿಟಕಿಯ ಕಟ್ಟೆ ಕಣ್ಣಿಗೆ ಬಿತ್ತು. ತನ್ನ ನಾಲ್ಕು ಬಾಟಲಿಗಳು ಅಲ್ಲಿ ಬಾಯಿ ಕೆಳಗಾಗಿ ಸಾಲಾಗಿ ನಿಂತಿದ್ದವು. ನಾಲ್ಕೂ ಖಾಲಿ.

ಇಷ್ಟು ಹೊತ್ತು ಒಂದು ಬಾಟಲಿಯಾದರೂ ಉಳಿದಿರಬಹುದು ಎಂಬ ಆಸೆ ಅವನ ಒಳಗೆ ಇತ್ತೆಂದು ಅದು ಹೋದ ಮೇಲೆ ಗೊತ್ತಾಯಿತು. ನಾಲ್ಕು ಬಾಟಲಿ ಎಂದರೆ ಎಷ್ಟು ಬ್ಯಾಟರಿ? ಹೈದರನ ಹೆಸರು ನಂಬಿ ಬರುವ ಡ್ರೈವರುಗಳು ನಾಳೆಯಿಂದ ಬೇರೆ ಕಡೆಗೆ ಹೋಗುತ್ತಾರೆ. ಎದ್ದು ಹೋಗಿಬಿಡಬಹುದು. ತಾನು ಬಂದದ್ದು ಯಾರಿಗೂ ಗೊತ್ತಿಲ್ಲ, ನೀರೇ ಕಾರಣ ಎಂದು ಯಾರಿಗೂ ಹೊಳೆಯಲಾರದು, ಬ್ಯಾಟರಿಗಳು ಸಾಯುತ್ತಲೇ ಇರುತ್ತವೆ. ಅವನು ನಿಜಕ್ಕೂ ಎದ್ದ. ಎರಡು ಹೆಜ್ಜೆ ಇಟ್ಟ. ಅಷ್ಟರಲ್ಲಿ ಒಳಗಿನ ಬಾಗಿಲಿನಿಂದ ಹೈದರನ ತಾಯಿ ಅಲೀಮಮ್ಮ ಒಂದು ಲೋಟ ಬೆಲ್ಲದ ನೀರು ತಂದು ಬೆಂಚಿನ ತುದಿಯಲ್ಲಿಟ್ಟು, "ಕೂತ್ಕೊಳ್ಳಿ ಮಾಷ್ಟ್ರೆ, ಮೋನು ಈಗ ಬರ್ತಾನೆ," ಎಂದು ಮಗನ ವಿಷಯ ಹೇಳಿದರು. ಲೋಟ ಮುಂದೆ ಇಟ್ಟ ಮೇಲೆ ಓಡುವುದು ಹೇಗೆ? ಪದ್ಮಯ್ಯ ಕೂತ.

ಹೈದರ್ ಟೊಪ್ಪಿ ಸರಿಮಾಡಿಕೊಳ್ಳುತ್ತ ಬಂದ. "ಓ, ಮಾಷ್ಟ್ರು! ಈ ಬಿಸಿಲಿಗೆ ಎಂತ ಇದು?" ಎಂದವನು ಅಂಗಿಯ ಮಸಿ ನೋಡಿ ಕಣ್ಣರಳಿಸಿದ.

ಬರೆದು ಇಟ್ಟುಕೊಂಡ ವಾಕ್ಯವೊಂದೂ ಬಾಯಿಗೆ ಬರಲಿಲ್ಲ. "ನನ್ನ ನೀರು ಕೆಟ್ಟಿದೆ ಹೈದರ್," ಎಂದ ಪದ್ಮಯ್ಯ. "ಅದ್ರಲ್ಲಿ ಅಮೋನಿಯ ಉಂಟು. ನನಗೆ ನೆಗಡಿ, ವಾಸನೆ ಗೊತ್ತಾಗ್ಲಿಲ್ಲ. ಯಾವ ಯಾವ ಬ್ಯಾಟರಿಗೆ ಹಾಕಿದ್ದಿ ಹೇಳು, ಎಲ್ಲದಕ್ಕೂ ನಾನು ಜವಾಬ್ದಾರಿ. ದೇರಣ್ಣನ ಬಸ್ಸು ನಾನೇ ನೋಡಿದೆ, ದೂಡಿದೆ."

ಹೈದರ್ ಗಟ್ಟಿಯಾಗಿ ನಕ್ಕ. "ದೇರಣ್ಣನ ಬ್ಯಾಟರಿಯಾ? ಅದು ಕಳೆದ ಬಕ್ರೀದಿನಿಂದ ಸಾಯ್ತಾ ಉಂಟು ಮಾರಾಯ್ರೆ! ಹೊಸತು ಹಾಕಿ ಅಂತ ನಾನು ಅವರ ಧಣಿಗೆ ಎಷ್ಟು ಸಲ ಹೇಳಿದೆ. ಗುರುವಾರ ಅದಕ್ಕೆ ಹಾಕಿದ್ದು ಮಂಗ್ಳೂರಿನ ನೀರು. ನಿಮ್ಮದು ಒಂದು ಹನಿ ಕೂಡ ಯಾವುದಕ್ಕೂ ಹಾಕ್ಲಿಲ್ಲ."

"ಬಾಟ್ಲಿ ಖಾಲಿ ಉಂಟಲ್ಲ?"

"ಅದು ಉಮ್ಮನನ್ನು ಕೇಳಿ. ಈ ಅಂಗಡಿಗೆ ಯಾವ ನೀರು ಬಂದ್ರೂ ಮೊದಲು ಉಮ್ಮ ಮೂಸಿ ನೋಡುದು. ಅವರು ಹೂಂ ಅಂದ್ರೆ ಮಾತ್ರ ಬ್ಯಾಟರಿಗೆ. ನನ್ನ ಮೂಗಿನಲ್ಲಿ ಎಂತ ಉಂಟು, ಇಪ್ಪತ್ತು ವರ್ಷದ ಆಸಿಡ್."

ಅಲೀಮಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. ಮುಸುಕಿನ ತುದಿಯನ್ನು ಬಾಯಿಗೆ ಹಿಡಿದು ನಗುವನ್ನು ಅಡಗಿಸುತ್ತಿದ್ದರು. "ಲಾಯ್ಕದ ನೀರು ಮಾಷ್ಟ್ರೆ ಅದು," ಎಂದರು. "ದೀಪದ ಗ್ಲಾಸು ತೊಳಿಲಿಕ್ಕೆ. ನೋಡಿ."

ಒಳಗೋಡೆಯ ಹಲಗೆಯ ಮೇಲೆ ಐದು ಲಾಂದ್ರದ ಗ್ಲಾಸುಗಳು ಸಾಲಾಗಿ ಇದ್ದವು. ಅವು ಅಲ್ಲಿವೆ ಎಂದು ತಿಳಿಯಬೇಕಾದರೆ ಎರಡು ಸಲ ನೋಡಬೇಕಿತ್ತು, ಅಷ್ಟು ತಿಳಿಯಾಗಿದ್ದವು. ಪದ್ಮಯ್ಯ ನೋಡುತ್ತಲೇ ಇದ್ದ. ಬೆಲ್ಲದ ನೀರನ್ನು ಒಂದೇ ಉಸಿರಿಗೆ ಕುಡಿದ. ದೇವರೇ, ಒಂದು ಹನಿ ಕೂಡ ಇಲ್ಲ.

"ಹೊಸ ನೆಲದ ವಾಸನೆ ಅದು," ಎಂದರು ಅಲೀಮಮ್ಮ. "ಸೆಲ್ಲಿನ ಕರಿ ಹಾಕಿ ನೆಲ ಮಾಡಿದ ಮನೆಯಲ್ಲಿ ಹೀಗೆಯೇ ಕಣ್ಣು ಉರಿಯುದು. ಕರಿಯನ್ನು ನೆನೆಸ್ಲಿಲ್ವಾ? ಮೂರು ನಾಲ್ಕು ದಿನ ನೀರಿನಲ್ಲಿ ಹಾಕಿ, ದಿನಾ ನೀರು ಚೆಲ್ಲಿ, ನಾಲಗೆಗೆ ಇಟ್ಟರೆ ಚುರುಕು ಇರ್ಬಾರ್ದು. ಆಮೇಲೆ ಕಲಸ್ಬೇಕು. ಯಾರು ಮಾಡಿದ್ದು ನೆಲ?"

"ಮನೆಯವಳು," ಎಂದ ಪದ್ಮಯ್ಯ. "ಅವಳಿಗೆ ಅದು ಗೊತ್ತಿರ್ಲಿಲ್ಲ ಕಾಣ್ತದೆ."

ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನೇ ತಬ್ಬಿಬ್ಬಾದ. ಬೆಳಗಿನಿಂದ ಇಡೀ ಅಪರಾಧವನ್ನು ಹೊರಲು ಸಿದ್ಧನಾಗಿ ಬಂದವನು, ಹೊರುವುದೇನೂ ಇಲ್ಲ ಎಂದು ತಿಳಿದ ಮರುಗಳಿಗೆಯೇ ಉಳಿದ ಒಂದು ಚೂರನ್ನು ಹೆಂಡತಿಯ ತಲೆಗೆ ಹಾಕಿದ್ದ.

ಅಲೀಮಮ್ಮ ಖಾಲಿ ಲೋಟವನ್ನು ಎತ್ತಿಕೊಂಡರು. "ನೆಲ ಮಾಡುವ ಹೆಂಗಸಿಗೆ ಇದು ಗೊತ್ತಿಲ್ಲದೆ ಇರುದಿಲ್ಲ ಮಾಷ್ಟ್ರೆ," ಎಂದರು. "ನೀವು ಅವಸರ ಮಾಡಿರ್ಬೇಕು."

ಆಗ ಪದ್ಮಯ್ಯನಿಗೆ ಆ ದಿನ ಪೂರ್ತಿ ಕಣ್ಣಿಗೆ ಕಟ್ಟಿತು. ಕಿಟ್ಟ ಕೂರಿಸಿದ ಗಾರೆ ಹಸಿಯಾಗಿತ್ತು, ಒಣಗುವುದರೊಳಗೆ ಕರಿ ಬಳಿಯಬೇಕಿತ್ತು. ಪ್ರೇಮಾವತಿ ಕರಿಯ ಬುಟ್ಟಿಯನ್ನು ಎದೆಗವಚಿ ನಿಂತು, 'ನೆನ್ಸೊಕು ಇದರ, ಮೂರು ದಿನ ನೆನ್ಸೊಕು' ಎಂದಿದ್ದಳು. ಒಂದು ಸಲವಲ್ಲ, ಎರಡು ಸಲ. ತಾನು ಬುಟ್ಟಿಯನ್ನು ಅವಳ ಕೈಯಿಂದ ಎಳೆದುಕೊಂಡು, 'ಇದು ನಿನ್ನ ಅಡಿಗೆಕೋಣೆ ಅಲ್ಲ, ವಿಜ್ಞಾನ' ಎಂದಿದ್ದ. ಅವಳು ಹೋಗಿ ಉರುಟು ಕಲ್ಲು ತಂದು ಕೂತಿದ್ದಳು.

"ಹೌದು," ಎಂದ. "ಅವಳು ಹೇಳಿದ್ಳು. ನಾನೇ ಕೇಳ್ಲಿಲ್ಲ."

ಹೇಳಿದ ಮೇಲೆ ಹಗುರವಾಯಿತು. ಯಾವ ಬ್ಯಾಟರಿಗೂ ಒಂದು ಹನಿಯೂ ಬೀಳಲಿಲ್ಲ ಎಂದು ಕೇಳಿದಾಗ ಆದದ್ದಕ್ಕಿಂತ ಹೆಚ್ಚು. ಹೈದರ್ ಬಾಟಲಿಗಳನ್ನು ಬಾಳೆಯ ಒಣ ಎಲೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಟ್ಟ. "ಕಿಟ್ಟ ಬಿಡ್ಬೇಡಿ ಮಾಷ್ಟ್ರೆ. ತಳ ಒಂದು ಸರಿ ಮಾಡಿ ಕಳಿಸಿ. ಸಂಜೆ ಮೇಲೆಯೂ ಹನಿ ಬೀಳ್ತದೆ ಅಂತ ಹೇಳಿದ್ರಲ್ಲ, ಅದನ್ನು ನೋಡ್ಲಿಕ್ಕೆ ನಾನೊಮ್ಮೆ ಬರ್ಬೇಕು," ಎಂದ. ಹಿಂದಿರುಗುವಾಗ ಸಿಕ್ಕಿದ್ದು ಅದೇ ದೇರಣ್ಣನ ಬಸ್ಸು. ಪುತ್ತೂರಿನಲ್ಲಿ ಮತ್ತೆ ದೂಡಬೇಕಾಯಿತು. ಪದ್ಮಯ್ಯ ಬೇಕೆಂದೇ ಬದಿಯಲ್ಲಿ ನಿಂತು, ನಾಲ್ಕು ಬಾಟಲಿ ಕಣಕಣ ಎನ್ನುವ ಚೀಲ ಹಿಡಿದು, "ಇನ್ನೂ ಜೋರು, ಇನ್ನೂ ಜೋರು," ಎಂದ. ಹೊರಟ ಮೇಲೆ ಕಿಟಕಿಯ ಪಕ್ಕದ ಸೀಟಿನಲ್ಲಿ ಕಾಲು ಚಾಚಿ ಕೂತು ನಿದ್ದೆ ಹೋದ.

ಮನೆ ಮುಟ್ಟುವಾಗ ಸೂರ್ಯ ಗುಡ್ಡದ ಹಿಂದೆ ಸರಿದಿದ್ದ. ಪೆಟ್ಟಿಗೆಯ ಬಾಯಿಗೆ ಯಾರೋ ಬಾಟಲಿಯ ಬದಲು ಒಡಕು ಗಡಿಗೆ ಇಟ್ಟಿದ್ದರು. ಹನಿ ಬೀಳುತ್ತಿತ್ತು. ಪ್ರೇಮಾವತಿ ಬಾವಿಕಟ್ಟೆಯಲ್ಲಿ ಬಕೇಟನ್ನು ನಿಧಾನವಾಗಿ ಬಗ್ಗಿಸಿ ಮೇಲಿನ ನೀರನ್ನು ಬಾಳೆಯ ಬುಡಕ್ಕಲ್ಲ, ದೂರ ಕಲ್ಲಿನ ಮೇಲೆ ಚೆಲ್ಲುತ್ತಿದ್ದಳು. ಬಕೇಟಿನ ತಳದಲ್ಲಿ ಅವತ್ತು ಬಳಿದು ಉಳಿದಿದ್ದ ಸೆಲ್ಲಿನ ಕರಿ ಕೂತಿತ್ತು. ಬೆಳಿಗ್ಗೆ ಕಂಡದ್ದು ಇದೇ. ಕಂಡೂ ನೋಡಿರಲಿಲ್ಲ.

"ಪುಸ್ತಕದ ಕೆಲ್ಸ ಅಲ್ಲ," ಎಂದ ಪದ್ಮಯ್ಯ ನಿಂತಲ್ಲಿಯೇ. "ನೀರು ಹಾಳಾಗಿತ್ತ್. ಕಬಕಕ್ಕೆ ಹೋಗಿದ್ದೆ, ಹೈದರಂಗೆ ಅದರ ಹೇಳಿಕೆ."

"ನಂಗೆ ಗೊತ್ತುಟ್ಟು. ಮೊದ್ಲ ದಿನವೇ ವಾಸ್ನೆ ಬಾತ್."

"ಮತ್ತೆ ಹೇಳ್ಬೇಕಿತ್ತಲ್ಲ?"

ಅವಳು ಬಕೇಟು ನೆಟ್ಟಗೆ ಮಾಡಿದಳು. "ಹೇಳ್ದೆ ಅಲಾ," ಎಂದಳು. ಸಿಟ್ಟಿನಿಂದಲ್ಲ. ಬಾವಿಯಿಂದ ಹೊಸ ನೀರು ಸೇದಿ ಹೊಯ್ದು, ಕೈಯಿಂದಲೇ ಕಲಕಿ, "ನಾಲ್ಕು ದಿನ ಆತ್ ನೆನ್ಸಿ. ನಾಲಗೆಗೆ ಇಟ್ಟು ನೋಡಿ. ನಂಗೆ ಅಡಿಗೆಕೋಣೆದು ಮಾತ್ರ ಗೊತ್ತುರ್ದು," ಎಂದಳು.

ಚುಚ್ಚಿದ್ದು ನಾಟಿತು, ನಾಟಬೇಕಾದದ್ದೇ. ಪದ್ಮಯ್ಯ ಚೀಲ ಕೆಳಗಿಟ್ಟು, ಕುಕ್ಕರುಗಾಲಲ್ಲಿ ಕೂತು, ಕಪ್ಪು ನೀರಿಗೆ ಬೆರಳದ್ದಿ ನಾಲಗೆಯ ತುದಿಗೆ ಇಟ್ಟುಕೊಂಡ. ಪೇದೆ ನೆಕ್ಕಿದ ಹಾಗೆ ನೆಕ್ಕಿದೆ ಎಂದು ನೆನಪಾಗಿ ನಗು ಬಂತು. ಕಾದ. ಏನೂ ಇರಲಿಲ್ಲ, ಬರೀ ನೀರು.

"ಚುರುಕು ಇಲ್ಲೆ," ಎಂದ. "ನಾಳೆ ಹಳೆ ತಳ ಕಿತ್ತು ಇದರ ಬಳಿಯೊಮಾ?"

ಪ್ರೇಮಾವತಿ ತಾನೂ ಬೆರಳದ್ದಿ ನಾಲಗೆಗೆ ಇಟ್ಟು, ಕಣ್ಣು ಮುಚ್ಚಿ, ಅವನಿಗಿಂತ ಹೆಚ್ಚು ಹೊತ್ತು ಕಾದಳು. ಗಡಿಗೆಯಲ್ಲಿ ಹನಿ ಬೀಳುತ್ತಲೇ ಇತ್ತು.

"ಇನ್ನೊಂದು ದಿನ ಇರ್ಲಿ," ಎಂದಳು.

"ಆಕು," ಎಂದ ಪದ್ಮಯ್ಯ. ಪೆಟ್ಟಿಗೆಯ ವಿಷಯದಲ್ಲಿ ಅವನು ಅವಳಿಗೆ ಆಗಲಿ ಎಂದದ್ದು ಅದೇ ಮೊದಲು. ಆಮೇಲೆ ಎದ್ದು, ಬಕೇಟಿಗೆ ಹೊಯ್ಯಲು ಇನ್ನೊಂದು ಕೊಡ ನೀರು ಸೇದಿದ.